ಮಾನವ ಹಕ್ಕುಗಳ ಕಾನೂನಿನ ಉನ್ನತ ವ್ಯಾಸಂಗ ಮೈಸೂರಿನಲ್ಲೇ ಗಟ್ಟಿಯಾಗಲಿ

ಸಂಪಾದಕರಿಗೆ,

ಮಾನ್ಯರೇ,

ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಎಲ್‌ಎಲ್‌ಬಿ ಮುಗಿಸುವ ಯುವಕ ಯುವತಿಯರಲ್ಲಿ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕೆಂಬ ಹಂಬಲ ಈಚೆಗೆ ಎದ್ದು ಕಾಣುತ್ತಿದೆ. ಮೈಸೂರಿನ ನ್ಯಾಯಾಲಯಗಳಲ್ಲಿ ವಕೀಲಿ ವೃತ್ತಿಯಲ್ಲಿರುವ ನನ್ನ ಬಳಿ ಶಿಫಾರಸು ಪತ್ರ ಕೇಳಿಕೊಂಡು ಬರುವ ಕಿರಿಯರಲ್ಲಿ ಹೆಚ್ಚಿನವರು, ಈ ವಿಷಯವನ್ನು ಕಲಿಯಬೇಕಾದರೆ ಹೊರದೇಶಕ್ಕೇ ಹೋಗಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ಅವರಿಗೆ ಎಸೆಕ್ಸ್ ಗೊತ್ತು, ಐರ್ಲೆಂಡಿನ ಗಾಲ್ವೇ ಗೊತ್ತು, ಸ್ವೀಡನ್ನಿನ ಲುಂಡ್ ಗೊತ್ತು; ಹೆಗ್ಗಡದೇವನಕೋಟೆಯ ಆದಿವಾಸಿ ಹಾಡಿಗಳಲ್ಲಿ ಅರಣ್ಯ ಹಕ್ಕಿನ ಅರ್ಜಿಗಳು ಯಾವ ಹಂತದಲ್ಲಿ ನಿಂತಿವೆ ಎಂಬುದು ಗೊತ್ತಿಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಈ ವಿಷಯವನ್ನು ಇಲ್ಲಿಯ ನೆಲಕ್ಕೆ ಹೊಂದಿಸಿ ಕಲಿಸುವ ಗಟ್ಟಿಯಾದ ವ್ಯವಸ್ಥೆಯನ್ನು ನಾವು ಕಟ್ಟಿಲ್ಲದಿರುವುದೇ ಇದಕ್ಕೆ ಕಾರಣ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಮೈಸೂರು ವಿಶ್ವವಿದ್ಯಾನಿಲಯದ, ಈ ಭಾಗದ ಕಾನೂನು ಕಾಲೇಜುಗಳ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ವಿದೇಶದ ಕೋರ್ಸುಗಳನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಮಾನವ ಹಕ್ಕುಗಳ ಕೇಂದ್ರಕ್ಕೆ ನಾಲ್ಕು ದಶಕಗಳ ಅನುಭವವಿದೆ. ಲುಂಡ್‌ನಲ್ಲಿ 1984ರಲ್ಲಿ ಆರಂಭವಾದ ರೌಲ್ ವಾಲೆನ್‌ಬರ್ಗ್ ಸಂಸ್ಥೆ ಈ ವಿಷಯಕ್ಕೆಂದೇ ಮೀಸಲಾದ ಗ್ರಂಥಾಲಯ ಹೊಂದಿದೆ. ಆಕ್ಸ್‌ಫರ್ಡ್‌ನಲ್ಲಿ ಕೆಲಸದಲ್ಲಿದ್ದುಕೊಂಡೇ ಎರಡು ವರ್ಷಗಳಲ್ಲಿ ಅರೆಕಾಲಿಕವಾಗಿ ಮುಗಿಸಬಹುದಾದ ಪದವಿಯೂ ಇದೆ. ವಿಶ್ವಸಂಸ್ಥೆಯ ಸಮಿತಿಗಳಲ್ಲಿ ಕೂತು ಬಂದ ಅಧ್ಯಾಪಕರಿಂದ ಪಾಠ ಕೇಳುವುದಕ್ಕೆ ಬೆಲೆಯಿದೆ. ಆದರೆ ಆ ಬೆಲೆಯನ್ನು ರೂಪಾಯಿಯಲ್ಲೂ ಲೆಕ್ಕ ಹಾಕಬೇಕಲ್ಲ. ಬ್ರಿಟನ್ನಿನ ಒಂದು ವರ್ಷದ ಕಾನೂನು ಸ್ನಾತಕೋತ್ತರ ಪದವಿ ಎಲ್‌ಎಲ್‌ಎಂಗೆ ಶುಲ್ಕ, ವಸತಿ, ಊಟ ಎಲ್ಲ ಸೇರಿ ಮೂವತ್ತು ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಕಬ್ಬು ಬೆಳೆಯುವ ಕುಟುಂಬವೊಂದು ಜಮೀನಿನ ಮೇಲೆ ಸಾಲ ತೆಗೆದು ಮಗಳನ್ನು ಕಳಿಸುವ ಮುನ್ನ, ಆ ಪದವಿ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂದು ತಿಳಿಸುವವರು ಬೇಕು. ಅರ್ಜಿ ತುಂಬಿಸಿಕೊಡುವ ಏಜೆನ್ಸಿಗಳು ಆ ಕೆಲಸ ಮಾಡುವುದಿಲ್ಲ. ಅವರ ಆದಾಯ ಬರುವುದು ಪ್ರವೇಶದಿಂದ.

ತಿಳಿಸಬೇಕಾದ ಸಂಗತಿಗಳು ಕೆಲವಿವೆ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ. ಜಿನೀವಾದಂಥ ದುಬಾರಿ ಊರಿನಲ್ಲಿ ತಿಂಗಳುಗಟ್ಟಲೆ ಸ್ವಂತ ಖರ್ಚಿನಲ್ಲಿ ಇರಬೇಕಾಗುತ್ತದೆ. ಅಲ್ಲಿ ಕಿರಿಯ ಅಧಿಕಾರಿಗಳಾಗಿ ಸೇರುವ ಹುದ್ದೆಗಳಿಗೆ ಶ್ರೀಮಂತ ದೇಶಗಳು ಹಣ ಕೊಡುತ್ತವೆ, ಅವು ಹೆಚ್ಚಾಗಿ ಆಯಾ ದೇಶದ ಪ್ರಜೆಗಳಿಗೇ ಸಲ್ಲುತ್ತವೆ. ಇನ್ನು ವಿದೇಶದ ಒಂದು ವರ್ಷದ ಎಲ್‌ಎಲ್‌ಎಂ ಹಿಡಿದು ಬಂದು ಇಲ್ಲಿ ಅಧ್ಯಾಪಕರಾಗುವ ಆಲೋಚನೆಯಿದ್ದರೆ, ಮಾನ್ಯತೆಯ ಪ್ರಶ್ನೆಯನ್ನು ವಿಮಾನ ಹತ್ತುವ ಮೊದಲೇ ಬಗೆಹರಿಸಿಕೊಳ್ಳಬೇಕು. ಭಾರತೀಯ ವಕೀಲರ ಪರಿಷತ್ತು 2021ರ ಆರಂಭದಲ್ಲಿ ಪ್ರಕಟಿಸಿದ ನಿಯಮಗಳು ನಮ್ಮಲ್ಲಿಯ ಒಂದು ವರ್ಷದ ಎಲ್‌ಎಲ್‌ಎಂ ಅನ್ನೇ ಕೈಬಿಡಲು ಹೊರಟು, ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ, ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನ, ಎಲ್ಲರಿಗೂ ತೆರೆದಿರುವ ಚೆವ್ನಿಂಗ್, ಕಾಮನ್‌ವೆಲ್ತ್ ವಿದ್ಯಾರ್ಥಿವೇತನಗಳು ಇವೆ. ಅವು ಸಿಕ್ಕವರು ಖಂಡಿತ ಹೋಗಿ ಬರಲಿ. ನನ್ನ ಕಾಳಜಿ ಸಿಗದೆ ಉಳಿಯುವ ಬಹುಪಾಲಿನವರ ಬಗ್ಗೆ.

ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನು ಎಂದರೆ ಜಿನೀವಾ, ಹೇಗ್ ನಗರಗಳ ಸಭಾಂಗಣಗಳಲ್ಲಿ ನಡೆಯುವ ವ್ಯವಹಾರ ಎಂಬ ಭಾವನೆ ನಮ್ಮ ವಕೀಲ ಮಿತ್ರರಲ್ಲೂ ಇದೆ. 1966ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಎರಡು ಮುಖ್ಯ ಒಡಂಬಡಿಕೆಗಳಿಗೆ, ಎಂದರೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಹಾಗೂ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಗೆ, ಭಾರತ 1979ರ ಏಪ್ರಿಲ್‌ನಲ್ಲಿ ಸೇರಿತು. ಸಂಸತ್ತು 1993ರಲ್ಲಿ ಮಾಡಿದ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಎರಡನೆಯ ಪ್ರಕರಣವು, ಸಂವಿಧಾನ ಖಾತರಿಪಡಿಸಿದ ಹಕ್ಕುಗಳ ಜೊತೆಗೆ ಈ ಒಡಂಬಡಿಕೆಗಳಲ್ಲಿ ಅಡಕವಾಗಿರುವ, ಭಾರತದ ನ್ಯಾಯಾಲಯಗಳು ಜಾರಿಗೊಳಿಸಬಹುದಾದ ಹಕ್ಕುಗಳನ್ನೂ ಮಾನವ ಹಕ್ಕುಗಳೆಂದೇ ಹೇಳುತ್ತದೆ. ಅದೇ ಕಾಯ್ದೆಯ ಮೂವತ್ತನೆಯ ಪ್ರಕರಣ ಪ್ರತಿ ಜಿಲ್ಲೆಯಲ್ಲೂ ಒಂದು ಸೆಷನ್ಸ್ ನ್ಯಾಯಾಲಯವನ್ನು ಮಾನವ ಹಕ್ಕುಗಳ ನ್ಯಾಯಾಲಯವೆಂದು ಗೊತ್ತುಪಡಿಸಲು ರಾಜ್ಯಕ್ಕೆ ಅಧಿಕಾರ ಕೊಟ್ಟಿದೆ. ಅಂಥ ನ್ಯಾಯಾಲಯದ ಮುಂದೆ ನಿಂತು ಒಡಂಬಡಿಕೆಯ ವಿಧಿಯೊಂದನ್ನು ಓದಿ, ಅದರ ಮೇಲೆ ವಾದ ಕಟ್ಟಬಲ್ಲ ವಕೀಲರು ಜಿಲ್ಲೆಗೆ ಎಷ್ಟು ಮಂದಿ ಇದ್ದಾರು?

ಮಂಡ್ಯದ ಸಿವಿಲ್ ನ್ಯಾಯಾಲಯಗಳ ನಿತ್ಯದ ಕೆಲಸದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಸಾಲ ವಸೂಲಿಯ ಡಿಕ್ರಿ ಪಡೆದವರು ಅದನ್ನು ಜಾರಿಗೊಳಿಸಲು ಅಮಲ್ಜಾರಿ ಅರ್ಜಿ ಹಾಕಿ, ಸಾಲಗಾರನನ್ನು ಬಂಧಿಸಿ ಸಿವಿಲ್ ಕಾರಾಗೃಹಕ್ಕೆ ಕಳಿಸಬೇಕೆಂದು ಕೇಳುವುದು ಹೊಸದಲ್ಲ. ಕರಾರಿನ ಬಾಧ್ಯತೆ ತೀರಿಸಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸೆರೆಯಲ್ಲಿಡಬಾರದು ಎಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 11ನೆಯ ವಿಧಿ ಹೇಳುತ್ತದೆ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ವಿಧಿಯನ್ನು, ಸಂವಿಧಾನದ 21ನೆಯ ವಿಧಿಯನ್ನು, ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೆಯ ಪ್ರಕರಣವನ್ನು ಜೊತೆಗಿಟ್ಟು ಓದಿ, ಕೊಡಲು ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದಿರುವವನನ್ನು ಬಿಟ್ಟು ಬರಿ ಬಡತನದಿಂದ ಕೊಡಲಾಗದವನನ್ನು ಜೈಲಿಗೆ ಕಳಿಸುವಂತಿಲ್ಲ ಎಂದರು. ಒಡಂಬಡಿಕೆ ಈ ನೆಲದ ಕಾನೂನನ್ನು ತಾನಾಗಿ ಬದಲಿಸುವುದಿಲ್ಲ, ಅದಕ್ಕೆ ಸಂಸತ್ತು ಕಾಯ್ದೆ ಮಾಡಬೇಕು ಎಂಬ ಮಿತಿಯನ್ನೂ ಅದೇ ತೀರ್ಪು ಹೇಳಿತು. ಆದರೂ ಇರುವ ಕಾನೂನನ್ನು ಅರ್ಥೈಸುವಾಗ ಒಡಂಬಡಿಕೆ ಎಷ್ಟು ದೂರ ಬರಬಲ್ಲದು ಎಂಬುದನ್ನು ತೋರಿಸಿಕೊಟ್ಟಿತು. ಬೆಳೆ ಕೈಕೊಟ್ಟ ವರ್ಷದಲ್ಲಿ ಬಂಧನದ ವಾರಂಟು ಎದುರಿಸುವ ರೈತನ ಪರವಾಗಿ ಮಾಡಬೇಕಾದ ವಾದ ಇದೇ. ಆದರೆ ತಾಲ್ಲೂಕು ಮಟ್ಟದಲ್ಲಿ ಈ ತೀರ್ಪಿನ ಹೆಸರು ಎತ್ತಿದ್ದನ್ನು ನಾನು ಕೇಳಿರುವುದು ಅಪರೂಪಕ್ಕೆ.

ಮೈಸೂರಿಗೆ ಬಂದರೆ, ಚಿತ್ರಹಿಂಸೆಯ ವಿರುದ್ಧದ ಕಾನೂನನ್ನು ಕಲಿಸಲು ಇದಕ್ಕಿಂತ ತಕ್ಕ ಊರು ರಾಜ್ಯದಲ್ಲಿ ಇನ್ನೊಂದಿಲ್ಲ ಎಂದರೆ ಉತ್ಪ್ರೇಕ್ಷೆಯಾಗಲಾರದು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ವೀರಪ್ಪನ್ ತಂಡ ನಡೆಸಿದ ನೆಲಬಾಂಬ್ ಸ್ಫೋಟದ ನಂತರ, ಆಗ ಮೈಸೂರು ಜಿಲ್ಲೆಗೇ ಸೇರಿದ್ದ ಕೊಳ್ಳೇಗಾಲದ ಕಾಡಂಚಿನ ಊರುಗಳಿಂದ ನೂರಕ್ಕೂ ಹೆಚ್ಚು ಜನರನ್ನು ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಬಂಧಿಸಿ ಮೈಸೂರಿನ ಜೈಲಿನಲ್ಲಿ ವರ್ಷಗಟ್ಟಲೆ ಇಡಲಾಯಿತು. 1995ರಲ್ಲಿ ಆ ಕಾಯ್ದೆಯ ಅವಧಿಯೇ ಮುಗಿದರೂ ವಿಚಾರಣೆ ಮುಗಿಯಲಿಲ್ಲ. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ಬಹುತೇಕ ಆರೋಪಿಗಳನ್ನು ಬಿಡುಗಡೆ ಮಾಡಿತು. ವೀರಪ್ಪನ್ ಬೇಟೆಗೆ ರಚಿಸಿದ್ದ ಕಾರ್ಯಪಡೆಯ ಪೊಲೀಸರು ನಡೆಸಿದರೆನ್ನಲಾದ ಹಿಂಸೆಯ ದೂರುಗಳನ್ನು ಪರಿಶೀಲಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಅದರ ವರದಿಯ ಮೇಲೆ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಲು ಹೇಳಿತು. ಅದೇ ಪಾಲಾರ್ ಪ್ರಕರಣದಲ್ಲಿ ಇಲ್ಲಿಯ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿದ್ದ ನಾಲ್ವರಿಗೆ ಸುಪ್ರೀಂ ಕೋರ್ಟ್ 2004ರಲ್ಲಿ ಗಲ್ಲು ಶಿಕ್ಷೆ ಕೊಟ್ಟಿತು. ಅವರ ಕ್ಷಮಾದಾನದ ಅರ್ಜಿ ಸುಮಾರು ಒಂಬತ್ತು ವರ್ಷ ತೀರ್ಮಾನವಾಗದೆ ಉಳಿದಿತ್ತು ಎಂಬ ಕಾರಣದ ಮೇಲೆ 2014ರ ಜನವರಿಯಲ್ಲಿ ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪು ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು. ಗಲ್ಲು ಶಿಕ್ಷೆಯ ವಿಳಂಬವನ್ನು ಕುರಿತು ಜಗತ್ತಿನ ಕಾನೂನು ಶಾಲೆಗಳಲ್ಲಿ ಓದುವ ಆ ತೀರ್ಪಿನ ಒಂದು ಬೇರು ಮೈಸೂರಿನ ನ್ಯಾಯಾಲಯದಲ್ಲಿದೆ.

ಇಷ್ಟಾದರೂ ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದ ಭಾರತ ಇಂದಿಗೂ ಅದನ್ನು ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಮಸೂದೆ ರಾಜ್ಯಸಭೆಯನ್ನು ದಾಟಲಿಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 273ನೆಯ ವರದಿಯಲ್ಲಿ ಅನುಮೋದಿಸಿರೆಂದು ಶಿಫಾರಸು ಮಾಡಿದ ಮೇಲೂ ಸ್ಥಿತಿ ಬದಲಾಗಿಲ್ಲ. ಅನುಮೋದನೆ ಇಲ್ಲವೆಂದು ವಕೀಲರು ಕೈಕಟ್ಟಿ ಕೂರಬೇಕೇ? ಇಲ್ಲಿಯೇ ಸ್ನಾತಕೋತ್ತರ ಮಟ್ಟದ ಓದು ಕೆಲಸಕ್ಕೆ ಬರುವುದು. 1979ರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಸೇರುವಾಗ, ಅಕ್ರಮ ಬಂಧನಕ್ಕೆ ಪರಿಹಾರ ಪಡೆಯುವ ಹಕ್ಕು ನಮ್ಮಲ್ಲಿ ಇಲ್ಲ ಎಂದು ಭಾರತ ಒಂದು ಘೋಷಣೆ ಬರೆಸಿತ್ತು. ಪೊಲೀಸ್ ವಶದಲ್ಲಿ ಆದ ಸಾವನ್ನು ಕುರಿತ 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಒಡಂಬಡಿಕೆಯನ್ನೇ ಉಲ್ಲೇಖಿಸಿ ಪರಿಹಾರ ಕೊಡಿಸಿತು, ನಂತರ ಡಿ.ಕೆ. ಬಸು ಪ್ರಕರಣದಲ್ಲಿ ಆ ಘೋಷಣೆಗೆ ಅರ್ಥ ಉಳಿದಿಲ್ಲವೆಂದೇ ಹೇಳಿತು. ಒಡಂಬಡಿಕೆ, ಅದಕ್ಕೆ ಸರ್ಕಾರ ಹಾಕಿದ ಷರತ್ತು, ಆ ಷರತ್ತನ್ನು ನ್ಯಾಯಾಲಯ ಸವೆಸಿದ ಬಗೆ, ಈ ಮೂರನ್ನೂ ಒಟ್ಟಿಗೆ ಓದದೆ ಈ ವಿಷಯ ದಕ್ಕುವುದಿಲ್ಲ.

ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಹಾಡಿಗಳದು ಇನ್ನೂ ಉದ್ದದ ಕಥೆ. ನಾಗರಹೊಳೆ ಕಾಡಿನಿಂದ ಹೊರಬಂದ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳ ಸ್ಥಿತಿಯನ್ನು ಅಧ್ಯಯನ ಮಾಡಲು ಹೈಕೋರ್ಟ್ ನೇಮಿಸಿದ ಸಮಿತಿಗೆ ಮುಖ್ಯಸ್ಥರಾಗಿದ್ದವರು ಮೈಸೂರು ವಿಶ್ವವಿದ್ಯಾನಿಲಯದವರೇ ಆದ ಪ್ರೊ. ಮುಜಾಫರ್ ಅಸ್ಸಾದಿ. 2014ರ ಆ ವರದಿ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಗುರುತಿಸಿತು. ಕಾನೂನಿನ ದೃಷ್ಟಿಯಿಂದ ಈ ಒಂದು ಪ್ರಶ್ನೆಯಲ್ಲಿ ಎಷ್ಟು ಪದರಗಳಿವೆ ನೋಡಿ. ದೇಶದ ಮಟ್ಟದಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯಿದೆ. ಹಕ್ಕುಗಳನ್ನು ಗುರುತಿಸುವ ಪ್ರಕ್ರಿಯೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸಬಾರದು ಎಂದು ಅದರ ನಾಲ್ಕನೆಯ ಪ್ರಕರಣ ಹೇಳುತ್ತದೆ. ಅದಕ್ಕೂ ಹಿಂದೆ, 1958ರಷ್ಟು ಮೊದಲೇ, ಭಾರತವು ಬುಡಕಟ್ಟು ಜನರ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 107ನೆಯ ಒಡಂಬಡಿಕೆಯನ್ನು ಅನುಮೋದಿಸಿದೆ. ಆ ಜನರ ಒಪ್ಪಿಗೆಯಿಲ್ಲದೆ ಅವರನ್ನು ನೆಲೆಯಿಂದ ಎಬ್ಬಿಸುವುದಕ್ಕೆ ಅದು ಮಿತಿ ಹಾಕುತ್ತದೆ, ಎಬ್ಬಿಸಲೇಬೇಕಾದರೆ ಅಷ್ಟೇ ಗುಣದ ಭೂಮಿ ಕೊಡಬೇಕೆನ್ನುತ್ತದೆ. ಬುಡಕಟ್ಟುಗಳನ್ನು ಮುಖ್ಯಪ್ರವಾಹಕ್ಕೆ ಕರಗಿಸುವ ಹಳೆಯ ಧೋರಣೆ ಅದರಲ್ಲಿದೆಯೆಂದು 1989ರಲ್ಲಿ 169ನೆಯ ಒಡಂಬಡಿಕೆ ಬಂತು, ಅದನ್ನು ಭಾರತ ಅನುಮೋದಿಸಿಲ್ಲ. 2007ರಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ ವಿಶ್ವಸಂಸ್ಥೆಯಲ್ಲಿ ಪರವಾಗಿ ಮತ ಹಾಕಿತು, ಆದರೆ ಮೂಲನಿವಾಸಿ ಎಂಬ ಪದವನ್ನು ಆದಿವಾಸಿಗಳಿಗೆ ಮಾತ್ರ ಅನ್ವಯಿಸಲು ಒಪ್ಪುವುದಿಲ್ಲ. ಇದನ್ನೆಲ್ಲ ಗ್ರಂಥಾಲಯದಲ್ಲಿ ಕೂತು ಓದಿದವರು, ಹಾಡಿಯ ಗ್ರಾಮಸಭೆಯಲ್ಲಿ ಅರ್ಜಿಯ ಜೊತೆ ಲಗತ್ತಿಸಬೇಕಾದ ಪುರಾವೆಗಾಗಿ ಹಿರಿಯರ ಹೇಳಿಕೆ ಬರೆದುಕೊಳ್ಳಲು ಕೂತಾಗ ಮಾತ್ರ ಪದವಿ ಪೂರ್ಣವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಿಂದ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯನ್ನು ನಾವು ಚಿನ್ನದ ಬಣ್ಣದ ಬುದ್ಧನ ಮೂರ್ತಿಗಳಿಗಾಗಿ ನೋಡಿಬರುತ್ತೇವೆ. ನಿರಾಶ್ರಿತರ ಕಾನೂನು ಕಲಿಯುವವರಿಗೆ ಅದು ಆರು ದಶಕಗಳ ದಾಖಲೆ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸೇರಿಲ್ಲ, ನಿರಾಶ್ರಿತರಿಗೆಂದೇ ಕಾಯ್ದೆಯನ್ನೂ ಮಾಡಿಲ್ಲ, ರಾಜ್ಯ ಕೊಟ್ಟ ಭೂಮಿಯಲ್ಲಿ ನೆಲೆಸಿದ ಟಿಬೆಟನ್ನರು ವಿದೇಶಿಯರ ನೋಂದಣಿ ಪತ್ರದ ಮೇಲೆ ಬದುಕುತ್ತಿದ್ದಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯ ಪ್ರಜೆಗಳು ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿದ ಮೇಲೆ ಅವರಲ್ಲಿ ಅನೇಕರ ಮುಂದೆ ಆಯ್ಕೆಯ ಪ್ರಶ್ನೆ ಬಂದಿದೆ.

ಮಂಡ್ಯದ ವಿಷಯದಲ್ಲಿ ಹೇಳಲು ಮನಸ್ಸಿಗೆ ಕಷ್ಟವಾಗುವ ಸಂಗತಿಯೊಂದಿದೆ. 2023ರಲ್ಲಿ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. 1994ರಿಂದ ಅದನ್ನು ನಿಷೇಧಿಸುವ ಕಾಯ್ದೆ ಇದೆ. ಮಹಿಳೆಯರ ವಿರುದ್ಧದ ತಾರತಮ್ಯ ನಿರ್ಮೂಲನೆಯ ಒಡಂಬಡಿಕೆಯನ್ನು ಭಾರತ 1993ರಲ್ಲಿ ಅನುಮೋದಿಸಿದೆ. ಖಾಸಗಿ ವ್ಯಕ್ತಿಗಳು ಮಾಡುವ ತಾರತಮ್ಯವನ್ನು ತಡೆಯುವ ಹೊಣೆಯೂ ಸರ್ಕಾರದ್ದೇ ಎಂದು ಅದರ ಎರಡನೆಯ ವಿಧಿ ಹೇಳುತ್ತದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯಲು ಕಾಯ್ದೆಯೇ ಇಲ್ಲದಿದ್ದ 1997ರಲ್ಲಿ ಸುಪ್ರೀಂ ಕೋರ್ಟ್ ಇದೇ ಒಡಂಬಡಿಕೆಯನ್ನು ಆಧರಿಸಿ ವಿಶಾಖಾ ಮಾರ್ಗಸೂಚಿ ರೂಪಿಸಿತು. ಆಲೆಮನೆಯ ಪ್ರಕರಣದಲ್ಲಿ ಅಪರಾಧಿಗಳ ವಿಚಾರಣೆ ಒಂದು ಕಡೆ ನಡೆಯಲಿ. ಪರವಾನಗಿಯಿಲ್ಲದ ಯಂತ್ರ ಅಲ್ಲಿಗೆ ತಲುಪುವವರೆಗೆ ತಪಾಸಣೆಯ ಹೊಣೆ ಹೊತ್ತವರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯನ್ನು ಒಡಂಬಡಿಕೆಯ ಭಾಷೆಯಲ್ಲಿ ಕೇಳಿದ ಒಂದು ಪ್ರಬಂಧವನ್ನಾದರೂ ನಮ್ಮ ಕಾಲೇಜುಗಳ ಎಲ್‌ಎಲ್‌ಎಂ ವಿದ್ಯಾರ್ಥಿಗಳು ಬರೆಯಬೇಡವೇ?

ನಮ್ಮಲ್ಲಿಯ ಬಹುತೇಕ ಎಲ್‌ಎಲ್‌ಎಂ ಪಠ್ಯಕ್ರಮಗಳಲ್ಲಿ ಮಾನವ ಹಕ್ಕು ಎಂಬುದು ಒಂದು ಪತ್ರಿಕೆ ಅಥವಾ ಒಂದು ಐಚ್ಛಿಕ ಗುಂಪು. ಘೋಷಣೆಗಳ ಇಸವಿ, ವಿಶ್ವಸಂಸ್ಥೆಯ ಅಂಗಗಳ ಪಟ್ಟಿ, ಆಯೋಗದ ರಚನೆ, ಅಲ್ಲಿಗೆ ಮುಗಿಯಿತು. ಅದರ ಬದಲು, ಕಲಿಕೆಯ ಅರ್ಧದಷ್ಟಾದರೂ ಕೆಲಸದ ಮೂಲಕ ಆಗಬೇಕು. ದೇಶಗಳು ಒಡಂಬಡಿಕೆಯ ಸಮಿತಿಗಳಿಗೆ ಕಾಲಕಾಲಕ್ಕೆ ವರದಿ ಕೊಡಬೇಕು. ಅದರ ಜೊತೆಗೆ ನಾಗರಿಕ ಸಂಘಟನೆಗಳು ಪರ್ಯಾಯ ವರದಿ ಸಲ್ಲಿಸಬಹುದು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಸಮಿತಿಯ ಮುಂದೆ ಭಾರತದ ಪರಿಶೀಲನೆ 1997ರಲ್ಲಿ ನಡೆದ ಮೇಲೆ ಮುಂದಿನದು ನಡೆದದ್ದು 2024ರ ಜುಲೈನಲ್ಲಿ. ಆ ಅಂತರದಲ್ಲಿ ಒಂದು ತಲೆಮಾರಿನ ಕಾನೂನು ವಿದ್ಯಾರ್ಥಿಗಳು ಈ ಪ್ರಕ್ರಿಯೆಯನ್ನು ಕಣ್ಣಾರೆ ನೋಡದೆಯೇ ಓದು ಮುಗಿಸಿದರು. ಇದಲ್ಲದೆ ವಿಶ್ವಸಂಸ್ಥೆಯಲ್ಲಿ ಎಲ್ಲ ದೇಶಗಳ ಮಾನವ ಹಕ್ಕುಗಳ ಸ್ಥಿತಿಯನ್ನು ಸರದಿಯಂತೆ ನೋಡುವ ಸಾರ್ವತ್ರಿಕ ಆವರ್ತ ಪರಿಶೀಲನೆಯಲ್ಲಿ ಭಾರತದ ಸರದಿ 2008, 2012, 2017 ಮತ್ತು 2022ರಲ್ಲಿ ಬಂದುಹೋಗಿದೆ. ಮುಂದಿನ ಸರದಿಗೆ ಮೈಸೂರು ವಿಭಾಗದ ಜಿಲ್ಲೆಗಳ ಸ್ಥಿತಿಯನ್ನು ಕುರಿತು ವಿದ್ಯಾರ್ಥಿಗಳೇ ಒಂದು ವರದಿ ಸಿದ್ಧಪಡಿಸಿ ಕಳಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಬರೆಯುವುದನ್ನೂ ಕಲಿಸಬೇಕು. ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ವಿಚಾರಣೆ ಮಾಡುವಂತಿಲ್ಲ ಎಂದು ಕಾಯ್ದೆಯ 36ನೆಯ ಪ್ರಕರಣ ಹೇಳುತ್ತದೆ. ಕಾಡಂಚಿನ ಊರಿನವರು, ಲಾಕಪ್ಪಿನಲ್ಲಿ ಏಟು ತಿಂದು ಬಂದವರು, ಮೊದಲು ಊರಿನ ಮುಖಂಡರ ಬಳಿಗೆ, ಆಮೇಲೆ ವಕೀಲರ ಬಳಿಗೆ ಬರುವಷ್ಟರಲ್ಲಿ ಆ ವರ್ಷ ಕಳೆದುಹೋಗಿರುತ್ತದೆ. ದೂರಿಗೆ ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು; ಬೇಕಿರುವುದು ಹೊತ್ತಿಗೆ ಸರಿಯಾಗಿ, ಸಂಗತಿಗಳನ್ನು ಕ್ರಮವಾಗಿ ಬರೆದುಕೊಡುವ ಒಬ್ಬರು.

ಕನ್ನಡದ ಮಾತು ಬಂದಿದ್ದರಿಂದ ಹೇಳುತ್ತೇನೆ. ಎಲ್‌ಎಲ್‌ಬಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು ತೇರ್ಗಡೆಯಾದ ಜಾಣ ವಿದ್ಯಾರ್ಥಿಗಳು ಎಲ್‌ಎಲ್‌ಎಂ ಹೊಸಿಲಿನಲ್ಲಿ ನಿಂತುಬಿಡುತ್ತಾರೆ. ವಿಶ್ವಸಂಸ್ಥೆಯ ದಾಖಲೆಗಳು ಇಂಗ್ಲಿಷಿನಲ್ಲಿರುವುದರಿಂದ ಇಂಗ್ಲಿಷ್ ಕಲಿಯದೆ ಈ ವಿಷಯದಲ್ಲಿ ಮುಂದೆ ಹೋಗಲಾಗದು, ನಿಜ. ಅದಕ್ಕಾಗಿ ಮೊದಲ ಆರು ತಿಂಗಳು ಭಾಷೆಯ ತರಬೇತಿ ಕೊಡಲಿ. ಆದರೆ ಪ್ರಬಂಧವನ್ನು ಕನ್ನಡದಲ್ಲಿ ಸಲ್ಲಿಸಲು ಅವಕಾಶವಿದ್ದರೆ ಅದನ್ನು ತಹಸೀಲ್ದಾರರೂ, ಪೊಲೀಸ್ ಇನ್‌ಸ್ಪೆಕ್ಟರೂ, ಗ್ರಾಮ ಪಂಚಾಯಿತಿ ಅಧ್ಯಕ್ಷೆಯೂ ಓದಬಹುದು.

ಇಂಥ ಕೋರ್ಸು ಮಾಡಿದವರಿಗೆ ಕೆಲಸ ಎಲ್ಲಿದೆ ಎಂಬ ಪೋಷಕರ ಪ್ರಶ್ನೆ ನ್ಯಾಯವಾದದ್ದು. ಆಯೋಗಗಳು, ಕಾನೂನು ಸೇವಾ ಪ್ರಾಧಿಕಾರಗಳು, ಮಕ್ಕಳ ಮತ್ತು ಮಹಿಳೆಯರ ರಕ್ಷಣೆಯ ಜಿಲ್ಲಾ ಘಟಕಗಳು, ಸ್ವಯಂಸೇವಾ ಸಂಸ್ಥೆಗಳು, ಅಧ್ಯಾಪನ, ಇಷ್ಟು ದಾರಿಗಳಿವೆ. ಇವುಗಳಲ್ಲಿ ಯಾವುದರಲ್ಲೂ ಕೈತುಂಬ ಸಂಬಳ ಇಲ್ಲವೆಂಬುದನ್ನು ಮುಚ್ಚಿಡಬಾರದು. ಹೆಚ್ಚಿನವರು ಕೊನೆಗೆ ವಕೀಲರಾಗಿಯೇ ಉಳಿಯುತ್ತಾರೆ. ಜೀವನಾಂಶ, ಅಮಲ್ಜಾರಿ, ಜಾಮೀನು ಅರ್ಜಿಗಳನ್ನು ನಡೆಸುತ್ತಲೇ ಒಡಂಬಡಿಕೆಯ ಒಂದು ವಿಧಿಯನ್ನು ಬಲ್ಲ ವಕೀಲರು ತಾಲ್ಲೂಕಿಗೆ ಇಬ್ಬರಿದ್ದರೂ ವ್ಯತ್ಯಾಸ ಕಾಣುತ್ತದೆ ಎಂಬುದು ವೃತ್ತಿಯಲ್ಲಿರುವ ನನ್ನ ಎಣಿಕೆ.

ಮೈಸೂರು ವಿಶ್ವವಿದ್ಯಾನಿಲಯದ ಕಾನೂನು ವಿಭಾಗ, ನಗರದ ಕಾನೂನು ಕಾಲೇಜುಗಳು ಮತ್ತು ಮಂಡ್ಯದ ಪಿಇಎಸ್ ಕಾನೂನು ಕಾಲೇಜು ಒಟ್ಟಿಗೆ ಕೂತು ಮಾತಾಡಿದರೆ ಹೊಸ ಕಟ್ಟಡವಾಗಲಿ ಹೊಸ ಪೀಠವಾಗಲಿ ಇಲ್ಲದೆಯೇ ಇದನ್ನು ಆರಂಭಿಸಬಹುದು. ಎಲ್‌ಎಲ್‌ಬಿಯಲ್ಲಿ ಪ್ರಾಯೋಗಿಕ ಪತ್ರಿಕೆಗಳನ್ನು ವಕೀಲರ ಪರಿಷತ್ತು ಈಗಾಗಲೇ ಕಡ್ಡಾಯ ಮಾಡಿದೆ. ಸ್ನಾತಕೋತ್ತರ ಮಟ್ಟದಲ್ಲಿ ಅದನ್ನು ಒಂದು ಇಡೀ ಸೆಮಿಸ್ಟರಿಗೆ ವಿಸ್ತರಿಸಿ, ಎರಡೂ ಜಿಲ್ಲೆಗಳ ಕಾನೂನು ಸೇವಾ ಪ್ರಾಧಿಕಾರಗಳ ಮೇಲುಸ್ತುವಾರಿಯಲ್ಲಿ ವಿದ್ಯಾರ್ಥಿಗಳನ್ನು ಹಾಡಿ, ಜೈಲು, ಬೈಲಕುಪ್ಪೆಗಳಿಗೆ ಕಳಿಸಿ, ಅದಕ್ಕೆ ಅಂಕ ಕೊಡಬೇಕು. ವಿದೇಶಿ ವಿಶ್ವವಿದ್ಯಾಲಯಗಳೊಡನೆ ಒಪ್ಪಂದಕ್ಕೆ ಸಹಿ ಹಾಕುವ ಉತ್ಸಾಹ ಈಗ ಎಲ್ಲೆಡೆ ಇದೆ. ಆ ಒಪ್ಪಂದಗಳಲ್ಲಿ, ಅಲ್ಲಿಯ ಅಧ್ಯಾಪಕರು ಒಂದು ತಿಂಗಳು ಇಲ್ಲಿಗೆ ಬಂದು ಪಾಠ ಮಾಡಬೇಕೆಂಬ ಅಂಶವನ್ನೂ ಸೇರಿಸಿದರೆ ಮೂವತ್ತು ಲಕ್ಷ ಹೊಂದಿಸಲಾಗದವರಿಗೂ ಅದರ ಫಲ ಸಿಗುತ್ತದೆ. ಮುಂದಿನ ಶೈಕ್ಷಣಿಕ ವರ್ಷದ ಪಠ್ಯಕ್ರಮ ಅಧ್ಯಯನ ಮಂಡಳಿಯ ಮುಂದೆ ಬರುವ ಮೊದಲೇ ಈ ಪ್ರಸ್ತಾವ ಅಲ್ಲಿಗೆ ತಲುಪಬೇಕು. ಸಂಬಂಧಪಟ್ಟವರು ಇದೇ ಅಂಕಣದಲ್ಲಿ ಉತ್ತರಿಸಿದರೆ ಸಂತೋಷ.

ತಮ್ಮ ವಿಶ್ವಾಸಿ,
ಓರ್ವ ವಕೀಲ, ಮೈಸೂರು